ಮುಂಗಾರಿನ ಜಾಡನ್ನು ಅರಸಿದ ಗಣಿತಜ್ಞ: ಸರ್ ಗಿಲ್ಬರ್ಟ್ ವಾಕರ್

ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲವೆಂಬುದು ನಮ್ಮ ಹಿರಿಯರಿಂದ ಬಂದ ಗಾದೆ. ಆದರೆ ಮಳೆ ಎಂದು ಬರುವುದು, ಎಷ್ಟು ಬರುವುದು, ಬಾರದಿದ್ದರೆ ಏಕೆ ಬಾರದು ಎಂಬ ಪ್ರಶ್ನೆಗಳಿಗೆ ಗಾದೆಗಳಲ್ಲಿ ಉತ್ತರವಿಲ್ಲ. ಉದರಂಭರಣಕ್ಕಾಗಿ ಉಡುಪಿ, ಕುಂದಾಪುರ, ಶಿವಮೊಗ್ಗ, ಹಾಸನಗಳನ್ನು ಬಿಟ್ಟು ಈ ಕಡಲ ತಡಿಯ ಪಟ್ಟಣಕ್ಕೆ ಬಂದು ನೆಲೆಸಿರುವ ನಮಗೆ ಈ ವಿಷಯದಲ್ಲಿ ಇನ್ನೊಂದು ವಿಸ್ಮಯವೂ ಉಂಟು. ಆಷಾಢ ಶ್ರಾವಣಗಳಲ್ಲಿ ಊರಿನಿಂದ ಹೊಳೆ ತುಂಬಿ ಹರಿದ ಸುದ್ದಿ ಬರುತ್ತಿರುವಾಗ ಇಲ್ಲಿ ನಾವು ಬೆವರೊರೆಸಿಕೊಳ್ಳುತ್ತಿರುತ್ತೇವೆ. ದೀಪಾವಳಿ ಕಳೆದು ಊರಿನಲ್ಲಿ ಆಕಾಶವು ತಿಳಿಯಾಗುತ್ತಿರುವಾಗ ಇಲ್ಲಿಯ ಬೀದಿಗಳು ಜಲಮಯವಾಗುತ್ತವೆ. ಒಂದೇ ಪರ್ಯಾಯದ್ವೀಪದ ಎರಡು ಅಂಚುಗಳಿಗೆ ಎರಡು ಬಗೆಯ ಋತುಧರ್ಮ!

ಈ ಗಾಳಿ ಮಳೆಗಳ ಗುಟ್ಟನ್ನು ಅರಿಯಲು ಇಪ್ಪತ್ತು ವರ್ಷಗಳ ಕಾಲ ಭಾರತದಲ್ಲಿದ್ದು ಶ್ರಮಿಸಿದ ಒಬ್ಬ ಮಹನೀಯರ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಬಯಸುತ್ತೇವೆ. ಅವರೇ ಸರ್ ಗಿಲ್ಬರ್ಟ್ ಥಾಮಸ್ ವಾಕರ್. ಪವನಶಾಸ್ತ್ರವನ್ನು ಬಲ್ಲವರಿಗೆ ಈ ಹೆಸರು ಸುಪರಿಚಿತ. ಆದರೆ ಈ ಪಟ್ಟಣದಲ್ಲಿ ಲೆಕ್ಕಪತ್ರಗಳ ಮುಂದೆ ಕುಳಿತು ಜೀವನ ಸಾಗಿಸುವ ನಮ್ಮವರು ಅವರನ್ನು ಸ್ಮರಿಸಲು ಬೇರೊಂದು ಕಾರಣವೂ ಇದೆ. ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಒಬ್ಬ ಬಡ ಗುಮಾಸ್ತನಿಗಾಗಿ ಅವರು ಬರೆದ ಒಂದು ಕಾಗದ ಈ ಊರಿನ ಚರಿತ್ರೆಯಲ್ಲಿ ಸೇರಿಹೋಗಿದೆ. ಅದನ್ನು ಮುಂದೆ ಹೇಳುವೆವು.

ಗಾಳಿಯ ಗುಣಭೇದ

ವಾಕರ್ ಅವರ ಸಾಧನೆಯನ್ನು ತಿಳಿಯುವ ಮೊದಲು ಗಾಳಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಗಾಳಿಯು ಎಲ್ಲಿ ಬಹುಕಾಲ ತಂಗಿರುವುದೋ ಅಲ್ಲಿಯ ಗುಣವನ್ನು ಪಡೆಯುತ್ತದೆ. ಸಹವಾಸದಿಂದ ಮನುಷ್ಯನಿಗೆ ಗುಣದೋಷಗಳು ಅಂಟುವಂತೆಯೇ ಇದು. ಚಳಿಗಾಲದಲ್ಲಿ ಹಿಮಾವೃತವಾದ ಸೈಬೀರಿಯದ ಬಯಲಿನ ಮೇಲೆ ನಿಂತ ಗಾಳಿ ಶೀತಲವೂ ಶುಷ್ಕವೂ ಆಗುತ್ತದೆ. ಭೂಮಧ್ಯರೇಖೆಯ ಸಮೀಪದ ಸಾಗರದ ಮೇಲೆ ಸುಳಿದಾಡಿದ ಗಾಳಿ ಬೆಚ್ಚಗೂ ತೇವಭರಿತವೂ ಆಗುತ್ತದೆ. ನೂರಾರು ಮೈಲಿಗಳ ಉದ್ದಗಲಕ್ಕೆ ಒಂದೇ ಗುಣವನ್ನು ಹೊಂದಿ ನಿಂತ ಇಂಥ ಗಾಳಿಯ ಮೊತ್ತಕ್ಕೆ ಪಂಡಿತರು ವಾಯುರಾಶಿ ಎಂದು ಹೆಸರಿಟ್ಟಿದ್ದಾರೆ.

ಶೀತಲ ವಾಯು ಸಾಂದ್ರವಾದುದು, ಭಾರವಾದುದು. ಅದು ನೆಲವನ್ನು ಅಪ್ಪಿಕೊಂಡು ಹರಿಯುತ್ತದೆ. ಉಷ್ಣ ವಾಯು ಹಗುರವಾದುದು, ಅದು ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗಿ, ತನ್ನಲ್ಲಿದ್ದ ತೇವವನ್ನು ಹೊರಲಾರದೆ ಮೋಡವಾಗಿ ಮಳೆಯಾಗಿ ಸುರಿಸುತ್ತದೆ. ಇಡ್ಲಿ ಬೇಯುವ ಪಾತ್ರೆಯ ಮುಚ್ಚಳವನ್ನು ತೆರೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗಿನಿಂದ ಎದ್ದ ಆವಿ ತಣ್ಣನೆಯ ಮುಚ್ಚಳಕ್ಕೆ ತಗಲಿ ಹನಿಹನಿಯಾಗಿ ಇಳಿಯುವುದನ್ನು ನಮ್ಮ ಹೋಟೆಲುಗಳ ಅಡಿಗೆಯವರು ನಿತ್ಯವೂ ಕಾಣುತ್ತಾರೆ. ಆಕಾಶದಲ್ಲಿ ಮುಚ್ಚಳವಿಲ್ಲ; ಎತ್ತರದ ತಂಪೇ ಅಲ್ಲಿ ಮುಚ್ಚಳದ ಕಾರ್ಯವನ್ನು ಮಾಡುತ್ತದೆ.

ಐರೋಪ್ಯ ದೇಶಗಳಲ್ಲಿ ಉತ್ತರದ ಶೀತಲ ವಾಯುರಾಶಿಯೂ ದಕ್ಷಿಣದ ಉಷ್ಣ ವಾಯುರಾಶಿಯೂ ಎದುರುಬದುರಾಗಿ ಸಂಧಿಸುತ್ತವೆ. ಆ ಸಂಧಿಯಲ್ಲಿ ಬೆಚ್ಚನೆಯ ಗಾಳಿ ಭಾರವಾದ ತಣ್ಣನೆಯ ಗಾಳಿಯ ಬೆನ್ನನ್ನೇರಿ ಮೋಡ ಕಟ್ಟುತ್ತದೆ. ಬಿರುಗಾಳಿ ಮಳೆಗಳು ಅಲ್ಲಿ ಹುಟ್ಟುತ್ತವೆ. ಈ ತತ್ತ್ವವನ್ನು ಮೊದಲನೆಯ ಮಹಾಯುದ್ಧದ ಅಂತ್ಯಕಾಲದಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಎಂಬ ಪಂಡಿತರೂ ಅವರ ಮಗ ಯಾಕೋಬ್ ಬ್ಯರ್ಕ್‌ನೆಸ್ ಅವರೂ ಸಂಗಡಿಗರೂ ಪ್ರತಿಪಾದಿಸಿದರು. ಎರಡು ಸೈನ್ಯಗಳು ಎದುರಾಗುವ ರಣರಂಗದ ಮುಂಚೂಣಿಯ ಹೆಸರನ್ನೇ ಅವರು ಈ ಸಂಧಿರೇಖೆಗೂ ಇಟ್ಟರು. ಯಾಕೋಬರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಈ ಕಥೆಯ ಕೊನೆಯಲ್ಲಿ ಅವರು ಮತ್ತೆ ಬರುತ್ತಾರೆ.

ನಮ್ಮ ದಕ್ಷಿಣ ದೇಶದಲ್ಲಿ ನಿಜವಾದ ಶೀತಲ ವಾಯುರಾಶಿ ಬರುವುದು ವಿರಳ. ಇಲ್ಲಿ ಮುಖ್ಯವಾದ ಭೇದವೆಂದರೆ ಕಡಲಿನ ತೇವದ ಗಾಳಿ, ನೆಲದ ಒಣ ಗಾಳಿ. ಜೂನ್ ತಿಂಗಳಲ್ಲಿ ನೈರುತ್ಯದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ಕರಾವಳಿಗೂ ಮಲೆನಾಡಿಗೂ ಮಳೆಯನ್ನು ಧಾರೆಯೆರೆಯುತ್ತದೆ. ಬೆಟ್ಟವನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಅದು ಬರಿಗೈಯಾಗಿರುತ್ತದೆ. ಇಳಿಯುವ ಗಾಳಿ ಕಾಯುವುದು ಸೃಷ್ಟಿನಿಯಮವಾದುದರಿಂದ ಚೆನ್ನೈಗೆ ಬಿಸಿಯುಸಿರಾಗಿ ತಲುಪುತ್ತದೆ. ಮಧ್ಯಾಹ್ನದಲ್ಲಿ ಕಡಲಗಾಳಿ ಬೀಸಿದರೆ ಊರಿಗೆ ಪ್ರಾಣ ಬಂದಂತಾಗುವುದು. ಆ ತಂಪುಗಾಳಿ ಪಶ್ಚಿಮದ ಬಿಸಿಗಾಳಿಯನ್ನು ಸಂಧಿಸಿದೆಡೆಯಲ್ಲಿ ಸಂಜೆಗೆ ಗುಡುಗು ಮಳೆಯಾಗುವುದೂ ಉಂಟು. ಅಕ್ಟೋಬರಿನಲ್ಲಿ ಉತ್ತರದ ನೆಲ ತಣ್ಣಗಾಗತೊಡಗಲು ಗಾಳಿ ದಿಕ್ಕು ಬದಲಿಸುತ್ತದೆ. ಈಶಾನ್ಯದಿಂದ ಹೊರಟ ಒಣಗಾಳಿ ಬಂಗಾಳ ಕೊಲ್ಲಿಯನ್ನು ಹಾಯುವಾಗ ನೀರನ್ನು ಹೀರಿಕೊಂಡು ಚೋಳಮಂಡಲ ತೀರಕ್ಕೆ ತಂದು ಸುರಿಸುತ್ತದೆ. ಉಡುಪಿಯ ಕಡೆಗೆ ವರ್ಷಕ್ಕೆ ಬೀಳುವ ಸುಮಾರು 400 ಸೆಂಟಿಮೀಟರ್ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದರೆ, ಚೆನ್ನೈಯ ಸುಮಾರು 140 ಸೆಂಟಿಮೀಟರಿನಲ್ಲಿ ಅರ್ಧಕ್ಕೂ ಮಿಗಿಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬರುವುದರ ರಹಸ್ಯವಿದು.

ಇದೆಲ್ಲ ವರ್ಷವರ್ಷವೂ ನಡೆಯುವ ಕ್ರಮ. ಆದರೆ ಕ್ರಮ ತಪ್ಪುವ ವರ್ಷಗಳೂ ಬರುತ್ತವೆ. ಅದೇ ವಾಕರ್ ಅವರ ಪ್ರಶ್ನೆಯಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗಿಲ್ಬರ್ಟ್ ವಾಕರ್ ಅವರು 1868ನೆಯ ಇಸವಿ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ ಜನಿಸಿದರು. ತಂದೆ ಇಂಜಿನಿಯರರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುವಾಗಲೇ ಬಾಲಕನ ಗಣಿತಾಭಿರುಚಿ ಬೆಳಕಿಗೆ ಬಂದಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ 1889ರಲ್ಲಿ ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗೂ ಮೊದಲಿಗರಾಗಿ ಸೀನಿಯರ್ ರ್‍ಯಾಂಗ್ಲರ್ ಎಂಬ ಅಪೂರ್ವ ಗೌರವವನ್ನು ಗಳಿಸಿದರು. ಅತಿಶ್ರಮದಿಂದ ದೇಹಸ್ಥಿತಿ ಕೆಟ್ಟು ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಹಿಮದ ಮೇಲೆ ಜಾರುವ ವಿದ್ಯೆಯನ್ನು ಕಲಿತು ನಿಪುಣರಾದರು.

ಅವರ ಬುದ್ಧಿಗೆ ಆಟವೂ ಗಣಿತವೂ ಬೇರೆಬೇರೆಯಾಗಿರಲಿಲ್ಲ. ಆಸ್ಟ್ರೇಲಿಯದ ಆದಿವಾಸಿಗಳು ಬಳಸುವ, ಎಸೆದವನ ಬಳಿಗೇ ತಿರುಗಿ ಬರುವ ಬೂಮರಾಂಗ್ ಎಂಬ ಬಾಗಿದ ಮರದ ಆಯುಧವು ಏಕೆ ಹಾಗೆ ತಿರುಗುವುದೆಂಬುದನ್ನು ಗಣಿತದಿಂದ ವಿವರಿಸಿ ಪ್ರಬಂಧ ಬರೆದರು. ಸ್ನೇಹಿತರು ಅವರನ್ನು ಬೂಮರಾಂಗ್ ವಾಕರ್ ಎಂದೇ ಕರೆಯತೊಡಗಿದರು. ಕೊಳಲಿನ ನಾದ, ಹಕ್ಕಿಗಳ ಹಾರಾಟ ಇವೂ ಅವರ ಆಸಕ್ತಿಯ ವಿಷಯಗಳು. ಆದರೆ ಹವಾಮಾನದ ವಿಷಯದಲ್ಲಿ ಅವರಿಗೆ ಯಾವ ಪೂರ್ವಾನುಭವವೂ ಇರಲಿಲ್ಲ. ಅಂಥವರನ್ನು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರನ್ನಾಗಿ ಆರಿಸಿದುದು ಅನೇಕರಿಗೆ ಆಶ್ಚರ್ಯವಾಗಿ ಕಂಡಿದ್ದರೆ ಸೋಜಿಗವಲ್ಲ.

ಕ್ಷಾಮದ ನೆರಳು

ಈ ಆಯ್ಕೆಯ ಹಿಂದೆ ಒಂದು ದಾರುಣವಾದ ಚರಿತ್ರೆಯಿದೆ. 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮದರಾಸು ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ಬಂದೊದಗಿದ ಘೋರ ಕ್ಷಾಮವನ್ನು ನಮ್ಮ ಮುತ್ತಜ್ಜಂದಿರ ಕಾಲದವರು ಮರೆಯಲಾರದೆ ಹೋದರು. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂದರೆ ಸಾವಿನ ಪ್ರಮಾಣವನ್ನು ಊಹಿಸಬಹುದು. ಈ ಪಟ್ಟಣದ ನಡುವೆ ಹರಿಯುವ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಅಡ್ಯಾರು ಕೂವಂ ನದಿಗಳನ್ನು ಕೂಡಿಸುವ ಭಾಗವನ್ನು ತೋಡಿದುದು ಆ ಕ್ಷಾಮದಲ್ಲಿ ಕೂಲಿಗಾಗಿ ಬಂದ ನಿರ್ಗತಿಕರೇ. ದಿನವೂ ಅದರ ಸೇತುವೆಗಳನ್ನು ದಾಟಿ ಕೆಲಸಕ್ಕೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ!

1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಗೆ ಈ ಕ್ಷಾಮವೇ ಮೊದಲ ಪರೀಕ್ಷೆಯಾಯಿತು. ಅದರ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲಾನ್‌ಫೋರ್ಡ್ ಅವರು ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ದುರ್ಬಲವಾಗುವುದೆಂಬ ತತ್ತ್ವವನ್ನು ಮುಂದಿಟ್ಟು 1886ರಿಂದ ಋತುವಿನ ಮುನ್ಸೂಚನೆ ಕೊಡಲಾರಂಭಿಸಿದರು. ಅವರ ಅನಂತರ ಬಂದ ಸರ್ ಜಾನ್ ಎಲಿಯಟ್ ಅವರು 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಸೂಚಿಸಿದರು. ಆ ವರ್ಷವೇ ಮಳೆ ಕೈಕೊಟ್ಟು ದೇಶದ ಬಹುಭಾಗದಲ್ಲಿ ಮತ್ತೊಂದು ಮಹಾಕ್ಷಾಮ ತಲೆದೋರಿತು. ಊಹೆಗಿಂತ ಗಟ್ಟಿಯಾದ ಲೆಕ್ಕ ಬೇಕೆಂದು ಆಗ ಮನವರಿಕೆಯಾಯಿತು. ಗಣಿತಜ್ಞ ವಾಕರ್ ಅವರು 1903ರಲ್ಲಿ ಭಾರತಕ್ಕೆ ಬಂದು, 1904ರ ಆರಂಭದಲ್ಲಿ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು.

ಗುಮಾಸ್ತರ ಲೆಕ್ಕ

ಸಿಮ್ಲಾದ ಕಚೇರಿಯಲ್ಲಿ ಕುಳಿತು ವಾಕರ್ ಅವರು ಯಾವ ಮಹಾತತ್ತ್ವವನ್ನೂ ಮೊದಲೇ ನಂಬಿ ಹೊರಡಲಿಲ್ಲ. ಗಾಳಿಯ ಚಲನೆಯನ್ನು ಸಮೀಕರಣಗಳಿಂದ ಬಿಡಿಸುವಷ್ಟು ಜ್ಞಾನ ಆ ಕಾಲಕ್ಕೆ ಇಲ್ಲವೆಂಬುದನ್ನು ಗಣಿತಜ್ಞರಾದ ಅವರೇ ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದರು. ಆದುದರಿಂದ ದೇಶದೇಶಗಳ ಹಳೆಯ ದಾಖಲೆಗಳನ್ನು ತರಿಸಿ, ಎಲ್ಲಿಯ ಯಾವ ಬದಲಾವಣೆ ನಮ್ಮ ಮಳೆಯೊಡನೆ ಹೊಂದಿಕೊಂಡು ಸಾಗುತ್ತದೆಂಬುದನ್ನು ಲೆಕ್ಕ ಹಾಕತೊಡಗಿದರು.

ಈ ವಿಧಾನ ನಮ್ಮ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಕುಳಿತವರಿಗೆ ಹೊಸದಲ್ಲ. ಮಳೆ ಹನಿದ ಸಂಜೆ ಬೋಂಡಾ ಕಾಫಿಗಳ ವ್ಯಾಪಾರ ಏರುವುದನ್ನೂ ಸೆಕೆಯ ದಿನ ಅದು ಇಳಿಯುವುದನ್ನೂ ಅವರು ಬಲ್ಲರು. ಎರಡು ಸಂಗತಿಗಳು ಯಾವಾಗಲೂ ಒಟ್ಟಿಗೆ ಏರಿಳಿದರೆ ಒಂದು ಎಂದೂ, ಒಂದು ಏರಿದಾಗ ಇನ್ನೊಂದು ತಪ್ಪದೆ ಇಳಿದರೆ ಋಣ ಒಂದು ಎಂದೂ, ಯಾವ ನಂಟೂ ಇಲ್ಲದಿದ್ದರೆ ಸೊನ್ನೆಯೆಂದೂ ಗಣಿತದಲ್ಲಿ ಅಳೆಯುತ್ತಾರೆ. ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕೆಯ ವಾಯುಭಾರ, ಆಫ್ರಿಕೆಯ ಜಾಂಜಿಬಾರಿನ ಮಳೆ, ಹಿಮಾಲಯದ ಹಿಮ ಇವುಗಳನ್ನು ನಮ್ಮ ಮುಂಗಾರಿನೊಡನೆ ಹೀಗೆ ತೂಗಿ ನೋಡಿ ವಾಕರ್ ಅವರು ಮುನ್ಸೂಚನೆಯ ಸೂತ್ರವೊಂದನ್ನು ರಚಿಸಿದರು.

ಇಂದು ಗಣಕಯಂತ್ರವು ಕ್ಷಣಾರ್ಧದಲ್ಲಿ ಮಾಡುವ ಈ ಲೆಕ್ಕವನ್ನು ಅಂದು ಮಾಡಿದವರು ಯಾರು? ಇಲಾಖೆಯ ಭಾರತೀಯ ಗುಮಾಸ್ತರು. ಸಾವಿರಾರು ಅಂಕಿಗಳನ್ನು ಕೈಯಿಂದ ಬರೆದು, ಕೂಡಿ, ಗುಣಿಸಿ, ತಾಳೆ ನೋಡಿ ಅವರು ಕಟ್ಟಿದ ಕೋಷ್ಟಕಗಳ ಮೇಲೆಯೇ ವಾಕರ್ ಅವರ ಕೀರ್ತಿಯು ನಿಂತಿದೆ. ಆ ಲೆಕ್ಕಿಗರಲ್ಲಿ ಬಹುಮಂದಿಯ ಹೆಸರನ್ನು ಇಂದು ಲೋಕ ಅರಿಯದು. ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ತಿಂಗಳ ಲೆಕ್ಕ ತಲೆಕೆಳಗಾಗುವುದೆಂಬುದನ್ನು ಅನುಭವದಿಂದ ಬಲ್ಲ ನಮ್ಮ ವಾಚಕರು ಅವರ ಶ್ರಮದ ಬೆಲೆಯನ್ನು ಅರಿಯಬಲ್ಲರು.

ಮೂವತ್ತು ರೂಪಾಯಿಯ ಗುಮಾಸ್ತ

1913ರ ಫೆಬ್ರವರಿಯಲ್ಲಿ ವಾಕರ್ ಅವರು ಮದರಾಸಿಗೆ ಬಂದಿದ್ದರು. ಆಗ ಮದರಾಸು ಬಂದರು ಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು ತಮ್ಮ ಕಚೇರಿಯ ಗುಮಾಸ್ತರೊಬ್ಬರ ಗಣಿತದ ಬರಹಗಳನ್ನು ಅವರಿಗೆ ತೋರಿಸಿದರು. ಆ ಗುಮಾಸ್ತರು 1912ರ ಮಾರ್ಚ್ ತಿಂಗಳಿನಿಂದ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದರು. ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲದೆ ಉಳಿದವರು. ಅವರೇ ಶ್ರೀನಿವಾಸ ರಾಮಾನುಜನ್.

ವಾಕರ್ ಅವರು ಕೇಂಬ್ರಿಜ್‌ನ ಅಗ್ರಗಣ್ಯರು, ಸರಕಾರದ ಉನ್ನತಾಧಿಕಾರಿ. ಪದವಿಯಿಲ್ಲದ ಗುಮಾಸ್ತನ ಬರಹವನ್ನು ಒಮ್ಮೆ ತಿರುವಿ ಹಾಕಿ ಬದಿಗಿಟ್ಟಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಶುದ್ಧ ಗಣಿತದ ಈ ಶಾಖೆ ತಮ್ಮದಲ್ಲವೆಂಬುದನ್ನು ಮರೆಮಾಚದೆ, ಈ ಬರಹಗಳ ಸ್ವಂತಿಕೆಯು ಕೇಂಬ್ರಿಜ್ ಕಾಲೇಜೊಂದರ ಗಣಿತವಿದ್ವಾಂಸರ ಕೆಲಸಕ್ಕೆ ಸಮವೆಂದು ಕಂಡುಕೊಂಡರು. ಮರುದಿನವೇ, ಫೆಬ್ರವರಿ 26ರಂದು, ಮದರಾಸು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಿಗೆ ಕಾಗದ ಬರೆದು, ಕೆಲವು ವರ್ಷಗಳ ಕಾಲವಾದರೂ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಈ ತರುಣನು ಗಣಿತದಲ್ಲಿ ತೊಡಗುವಂತೆ ಮಾಡಬೇಕೆಂದು ಶಿಫಾರಸು ಮಾಡಿದರು. ಇಂಗ್ಲೆಂಡಿನಿಂದ ಹಾರ್ಡಿಯವರ ಮೆಚ್ಚುಗೆಯೂ ಅದೇ ಸಮಯಕ್ಕೆ ಬಂದೊದಗಿತು. ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷಗಳ ಸಂಶೋಧನ ವೇತನವನ್ನು ಕೊಟ್ಟಿತು; ಅದು ಮೇ 1ರಿಂದ ಜಾರಿಗೆ ಬಂದಿತು. 1914ರ ಮಾರ್ಚ್ 17ರಂದು ರಾಮಾನುಜನ್ ಅವರು ಇದೇ ಬಂದರಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಮುಂದಿನ ಕಥೆಯನ್ನು ಲೋಕವೆಲ್ಲ ಬಲ್ಲದು.

ರಾಮಾನುಜನ್ ಅವರನ್ನು ಬೆಳಕಿಗೆ ತಂದವರು ವಾಕರ್ ಒಬ್ಬರೇ ಎಂದು ನಾವು ಹೇಳುವುದಿಲ್ಲ. ಮದರಾಸಿನ ಎಷ್ಟೋ ಸಹೃದಯರು ಅದಕ್ಕೆ ಕೈ ನೀಡಿದ್ದರು. ಆದರೆ ಸರಿಯಾದ ಸಮಯದಲ್ಲಿ ಸರಿಯಾದ ಕಚೇರಿಗೆ ಹೋದ ಒಂದು ಕಾಗದವು ಒಬ್ಬ ಮನುಷ್ಯನ ಬಾಳನ್ನು ಎತ್ತಬಲ್ಲದೆಂಬುದನ್ನು ಅರ್ಜಿಗಳ ಲೋಕದಲ್ಲಿ ಬಾಳುವ ನಾವು ಬೇಗ ಗ್ರಹಿಸುತ್ತೇವೆ.

ದಕ್ಷಿಣದ ತೂಗುಯ್ಯಾಲೆ

ಲೆಕ್ಕ ಬೆಳೆಯುತ್ತ ಹೋದಂತೆ ಒಂದು ಅದ್ಭುತ ಸಂಗತಿ ಹೊರಬಿದ್ದಿತು. ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯದ ಕಡೆಗೆ ವಾಯುಭಾರ ಹೆಚ್ಚಿದಾಗ ಪೆಸಿಫಿಕ್ ಎಂಬ ಶಾಂತಸಾಗರದ ಪೂರ್ವಭಾಗದಲ್ಲಿ ಅದು ತಗ್ಗುತ್ತದೆ. ಅಲ್ಲಿ ಹೆಚ್ಚಿದಾಗ ಇಲ್ಲಿ ತಗ್ಗುತ್ತದೆ. ಈ ಏರಿಳಿತದ ಸುಳಿವನ್ನು ಹಿಂದೆಯೇ ಕೆಲವರು ಕಂಡಿದ್ದರು. ಅದನ್ನು ಅಂಕಿಗಳಿಂದ ದೃಢಪಡಿಸಿ, ಮಳೆಗೂ ಬಿಸಿಲಿಗೂ ಅದರ ಸಂಬಂಧವನ್ನು ತೋರಿಸಿ, 1924ರ ಸುಮಾರಿಗೆ ದಕ್ಷಿಣದ ಆಂದೋಲನವೆಂಬ ಹೆಸರಿಟ್ಟವರು ವಾಕರ್. ಸಾವಿರಾರು ಮೈಲಿ ಅಂತರದ ಎರಡು ತುದಿಗಳುಳ್ಳ ಒಂದು ತೂಗುಯ್ಯಾಲೆ. ಅದರ ನಡೆಯೊಡನೆ ನಮ್ಮ ಮುಂಗಾರಿನ ಭಾಗ್ಯವೂ ತೂಗುತ್ತದೆ! ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣದ ವಾಯುಭಾರವನ್ನೂ ಶಾಂತಸಾಗರದ ತಾಹಿತಿ ದ್ವೀಪದ ವಾಯುಭಾರವನ್ನೂ ಹೋಲಿಸಿ ಈ ಆಂದೋಲನವನ್ನು ಇಂದು ಅಳೆಯುತ್ತಾರೆ.

ಅದೇ 1924ರಲ್ಲಿ ವಾಕರ್ ಅವರು ನಿವೃತ್ತರಾದರು. ಸರ್ ಪದವಿ ದೊರೆಯಿತು. ಸ್ವದೇಶಕ್ಕೆ ಮರಳಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಪ್ರಾಧ್ಯಾಪಕರಾಗಿದ್ದು ಸಂಶೋಧನೆಯನ್ನು ಮುಂದುವರಿಸಿದರು.

ಅಪಜಯವೋ, ಜಯವೋ?

ಆದರೆ ಅವರು ಯಾವುದಕ್ಕಾಗಿ ಭಾರತಕ್ಕೆ ಬಂದಿದ್ದರೋ ಆ ಕಾರ್ಯ ಕೈಗೂಡಿತೆ? ನಿಷ್ಠುರವಾಗಿ ಹೇಳುವುದಾದರೆ ಇಲ್ಲ. ಕೆಲವು ವರ್ಷ ಸರಿಹೊಂದಿದ ಸಂಬಂಧಗಳು ಕಾಲಕ್ರಮದಲ್ಲಿ ಸಡಿಲವಾದವು. ಮುಂಗಾರಿನ ಮುನ್ಸೂಚನೆಯು ಕ್ಷಾಮವನ್ನು ತಡೆಯುವಷ್ಟು ನಿಖರವಾಗಲಿಲ್ಲ. ಅವರ ಸ್ಥಾನಕ್ಕೆ ಮುಂದೆ ಬಂದ ಸರ್ ಚಾರ್ಲ್ಸ್ ನಾರ್ಮಂಡ್ ಅವರು 1953ರಲ್ಲಿ ಒಂದು ವಿಪರ್ಯಾಸವನ್ನು ಎತ್ತಿ ತೋರಿಸಿದರು. ಲೋಕದ ಬೇರೆಡೆಯ ಹವೆಯಿಂದ ಮುಂಗಾರನ್ನು ಊಹಿಸುವುದಕ್ಕಿಂತ, ಮುಂಗಾರಿನಿಂದ ಬೇರೆಡೆಯ ಮುಂದಿನ ಹವೆಯನ್ನು ಊಹಿಸುವುದೇ ಸುಲಭವಾಗಿ ಕಂಡಿತು. ಇನ್ನು ಕೆಲವರು, ಕಾರಣ ತೋರಿಸದ ಬರಿಯ ಅಂಕಿಗಳ ಹೊಂದಾಣಿಕೆಗೆ ಬೆಲೆಯೇನೆಂದು ಸಂಶಯಪಟ್ಟರು. ಆ ಆಕ್ಷೇಪಣೆ ಅನ್ಯಾಯವಾದುದೂ ಅಲ್ಲ. ತೂಗುಯ್ಯಾಲೆಯನ್ನು ವಾಕರ್ ಕಂಡಿದ್ದರು. ಅದನ್ನು ತೂಗುವ ಕೈಯನ್ನು ಕಂಡಿರಲಿಲ್ಲ. 1958ರ ನವೆಂಬರ್ 4ರಂದು, ತೊಂಬತ್ತು ತುಂಬಿದ ಕೆಲವು ತಿಂಗಳುಗಳಲ್ಲಿ, ಈ ಪ್ರಶ್ನೆಗೆ ಉತ್ತರ ಕಾಣದೆಯೇ ಅವರು ಇಂಗ್ಲೆಂಡಿನಲ್ಲಿ ಕಾಲವಾದರು.

ವಿಧಿಯ ವಿಲಾಸವನ್ನು ನೋಡಿ. ಆ 1957-58ನೆಯ ಸಾಲಿನಲ್ಲಿಯೇ ಶಾಂತಸಾಗರದ ಪೂರ್ವಭಾಗವು ಅಸಾಧಾರಣವಾಗಿ ಕಾದಿತ್ತು. ಅಂತರರಾಷ್ಟ್ರೀಯ ಭೂಭೌತ ವರ್ಷದ ನಿಮಿತ್ತ ಎಲ್ಲೆಡೆಯಲ್ಲಿಯೂ ಅಳತೆಗಳು ನಡೆಯುತ್ತಿದ್ದುವು. ಆ ಅಳತೆಗಳನ್ನು ಮುಂದಿಟ್ಟುಕೊಂಡು ಗುಟ್ಟನ್ನು ಬಿಡಿಸಿದವರು, ತರುಣರಾಗಿದ್ದಾಗ ಶೀತೋಷ್ಣ ವಾಯುರಾಶಿಗಳ ಸಂಧಿಯನ್ನು ವಿವರಿಸಿದ್ದ ಯಾಕೋಬ್ ಬ್ಯರ್ಕ್‌ನೆಸ್. ಆಗ ಅವರು ಅಮೆರಿಕೆಯಲ್ಲಿ ನೆಲೆಸಿದ್ದ ವೃದ್ಧ ವಿದ್ವಾಂಸರು. ಶಾಂತಸಾಗರದ ಪಶ್ಚಿಮದಲ್ಲಿ, ಇಂಡೊನೇಷ್ಯದ ಬಳಿ, ನೀರು ಬೆಚ್ಚಗಿದೆ. ಅಲ್ಲಿ ಗಾಳಿ ಮೇಲೇರಿ ಮಳೆ ಸುರಿಸುತ್ತದೆ. ಪೂರ್ವದಲ್ಲಿ, ಪೆರು ದೇಶದ ಬಳಿ, ನೀರು ತಣ್ಣಗಿದೆ. ಅಲ್ಲಿ ಗಾಳಿ ಕೆಳಗಿಳಿಯುತ್ತದೆ. ಕೆಳಗೆ ಪೂರ್ವದಿಂದ ಪಶ್ಚಿಮಕ್ಕೆ, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೀಗೆ ಗಾಳಿಯ ಚಕ್ರವೊಂದು ಸುತ್ತುತ್ತಿದೆ. ಪೂರ್ವದ ನೀರು ಕಾದ ವರ್ಷ ಈ ಚಕ್ರ ಕುಂದುತ್ತದೆ, ಮಳೆಯ ನೆಲೆ ಪೂರ್ವಕ್ಕೆ ಸರಿಯುತ್ತದೆ, ನಮ್ಮ ಮುಂಗಾರು ಅನೇಕ ಸಲ ಸೊರಗುತ್ತದೆ. ಎಲ್ ನಿನ್ಯೊ ಎಂದು ಪತ್ರಿಕೆಗಳಲ್ಲಿ ನಾವು ಓದುವುದು ಇದನ್ನೇ. 1969ರಲ್ಲಿ ಬ್ಯರ್ಕ್‌ನೆಸ್ ಅವರು ಈ ಚಕ್ರಕ್ಕೆ ವಾಕರ್ ಪರಿಚಲನೆಯೆಂದು ನಾಮಕರಣ ಮಾಡಿ ಗತಿಸಿದ ಹಿರಿಯರ ಋಣವನ್ನು ತೀರಿಸಿದರು. ಧಾತು ಈಶ್ವರ ಸಂವತ್ಸರಗಳ ಕ್ಷಾಮದ ಹಿಂದೆಯೂ ಇದೇ ಎಲ್ ನಿನ್ಯೊ ಇದ್ದುದನ್ನು ಪಂಡಿತರು ಈಗ ಗುರುತಿಸಿದ್ದಾರೆ.

ಹಾಗೆಂದು ಇದು ತಪ್ಪದ ಪಂಚಾಂಗವೂ ಅಲ್ಲ. 1997ರಲ್ಲಿ ಎಲ್ ನಿನ್ಯೊ ಪ್ರಬಲವಾಗಿದ್ದರೂ ಮುಂಗಾರು ಕೆಡಲಿಲ್ಲ. 2015ರಲ್ಲಿ ಮುಂಗಾರು ದೇಶದಲ್ಲಿ ವಾಡಿಕೆಗಿಂತ ನೂರಕ್ಕೆ 14ರಷ್ಟು ಕಡಮೆಯಾಯಿತು. ಆದರೆ ಅದೇ ವರ್ಷದ ನವೆಂಬರ್ ಡಿಸೆಂಬರುಗಳಲ್ಲಿ ಚೆನ್ನೈ ಮಳೆಯಲ್ಲಿ ಮುಳುಗಿತು. ಊರಿನ ಮುಂಗಾರನ್ನು ಒಣಗಿಸುವ ಎಲ್ ನಿನ್ಯೊ ಇಲ್ಲಿಯ ಹಿಂಗಾರನ್ನು ಬಹುಮಟ್ಟಿಗೆ ಬಲಪಡಿಸುವುದೆಂಬುದು ಇಂದಿನ ತಿಳಿವಳಿಕೆ. ಊರಿನ ಗದ್ದೆಯ ಚಿಂತೆಯನ್ನೂ ಇಲ್ಲಿಯ ಬಾಡಿಗೆ ಮನೆಯ ಹೊಸ್ತಿಲಿಗೆ ಬರುವ ನೀರಿನ ಚಿಂತೆಯನ್ನೂ ಒಟ್ಟಿಗೆ ಹೊತ್ತಿರುವ ನಮಗೆ ಈ ವಿಷಯ ಎರಡು ಪಟ್ಟು ಮುಖ್ಯವಾದುದು.

ನುಂಗಂಬಾಕ್ಕಂನಲ್ಲಿರುವ ಹವಾಮಾನ ಕೇಂದ್ರದ ಆವರಣದಲ್ಲಿ 1792ರ ಮದರಾಸು ವೀಕ್ಷಣಾಲಯದ ಕಲ್ಲುಕಂಬ ನಿಂತಿದೆ. ಚಂಡಮಾರುತದ ಎಚ್ಚರಿಕೆ ಹೊರಡುವುದು ಆ ಕೇಂದ್ರದಿಂದಲೇ. ಆ ಎಚ್ಚರಿಕೆ ಒಮ್ಮೊಮ್ಮೆ ತಪ್ಪಿದಾಗ ನಗುವುದು ಸುಲಭ. ಆದರೆ ಒಂದೊಂದು ಮುನ್ಸೂಚನೆಯ ಹಿಂದೆಯೂ ಹೆಸರಿಲ್ಲದ ಎಷ್ಟೋ ಲೆಕ್ಕಿಗರ ದುಡಿಮೆ ಇದೆಯೆಂಬುದನ್ನೂ, ಉತ್ತರ ಸಿಗದೆಂದು ತಿಳಿದ ಮೇಲೆಯೂ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟುಹೋದ ಒಬ್ಬ ಹಿರಿಯರ ತಾಳ್ಮೆ ಇದೆಯೆಂಬುದನ್ನೂ ನಾವು ಮರೆಯಬಾರದು. ಸರಿಯಾಗಿ ಬರೆದಿಟ್ಟ ಲೆಕ್ಕ ಎಂದಿಗೂ ವ್ಯರ್ಥವಾಗುವುದಿಲ್ಲ. ಅದನ್ನು ಓದಬಲ್ಲವರು ಇಂದಲ್ಲ ನಾಳೆ ಬಂದೇ ಬರುತ್ತಾರೆ.